ಚದುರಂಗಕ್ಕೆ ಬೇರೆ ಯಂತ್ರ ಬೇಕೇ?

ಮಕ್ಕಳೇ, ಗಣಕಯಂತ್ರದ ಎದುರು ಚದುರಂಗ ಆಡಿ ಸೋತವರು ನಿಮ್ಮಲ್ಲಿ ಇರಬಹುದು. ಚದುರಂಗಕ್ಕಾಗಿಯೇ ಒಂದು ವಿಶೇಷ ಯಂತ್ರ ಬಂದರೆ, ಸಾಮಾನ್ಯ ಗಣಕಯಂತ್ರದಲ್ಲಿ ಆಡುವ ತಂತ್ರಾಂಶವನ್ನು ಯಾರಾದರೂ ಕೊಳ್ಳುತ್ತಾರೆಯೇ? ಇಲ್ಲವೆಂದು ಹಲವರು ಹೇಳಬಹುದು. ನನಗೆ ಹಾಗನ್ನಿಸುವುದಿಲ್ಲ.

ಚಕ್ಕುಲಿ ಒರಳು ಯಂತ್ರಾಂಶದಂತೆ, ಚಕ್ಕುಲಿ ಮಾಡುವ ವಿಧಾನ ತಂತ್ರಾಂಶದಂತೆ. ವಿಧಾನವನ್ನು ನೂರು ಜನ ಖರ್ಚಿಲ್ಲದೆ ಬರೆದುಕೊಳ್ಳಬಹುದು. ಆದರೆ ನೂರು ಮನೆಗೆ ನೂರು ಒರಳು ಬೇಕು. ಆ ಒರಳಿನಿಂದ ಅನ್ನ ಬೇಯಿಸಲೂ ಆಗದು!

1997ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಐಬಿಎಂ ಕಂಪನಿಯ 'ಡೀಪ್ ಬ್ಲೂ' ಯಂತ್ರವು ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅವರನ್ನು ಸೋಲಿಸಿತು. ಅದರಲ್ಲಿ ಚದುರಂಗಕ್ಕೆಂದೇ ತಯಾರಿಸಿದ 480 ಚಿಪ್‌ಗಳಿದ್ದವು. ಮುಂದೆ ಮಣೆಯ ಮೇಲೆ ಕಾಯಿಗಳು ಹೇಗೆಲ್ಲ ನಿಲ್ಲಬಹುದು ಎಂಬ ಸುಮಾರು 20 ಕೋಟಿ ಸ್ಥಿತಿಗಳನ್ನು ಅದು ಒಂದೇ ಸೆಕೆಂಡಿನಲ್ಲಿ ನೋಡುತ್ತಿತ್ತು. ಆದರೂ ಆ ಯಂತ್ರ ಅಂಗಡಿಗೆ ಬರಲೇ ಇಲ್ಲ.

2006ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಅಂದಿನ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ 'ಡೀಪ್ ಫ್ರಿಟ್ಜ್' ಎದುರು 2-4 ಅಂಕಗಳಿಂದ ಸೋತರು. ಇದು ಮಾರಾಟಕ್ಕಿದ್ದ ತಂತ್ರಾಂಶ. ಓಡಿದ್ದು ಅಂಗಡಿಯಲ್ಲಿ ಸಿಗುವ ಚಿಪ್‌ಗಳ ಮೇಲೆ. ನೋಡುತ್ತಿದ್ದುದು ಸೆಕೆಂಡಿಗೆ ಸುಮಾರು 80 ಲಕ್ಷ ಸ್ಥಿತಿಗಳನ್ನು ಮಾತ್ರ. 2009ರಲ್ಲಿ 'ಪಾಕೆಟ್ ಫ್ರಿಟ್ಜ್ 4' ಎಂಬ ತಂತ್ರಾಂಶ ಒಂದು ಮೊಬೈಲ್ ಫೋನಿನಲ್ಲಿ ಆಡಿ, ಅರ್ಜೆಂಟೀನಾದ ಪಂದ್ಯಾವಳಿಯಲ್ಲಿ 10ಕ್ಕೆ 9.5 ಅಂಕ ಗಳಿಸಿತು!

ಇದು ಹೇಗೆ ಸಾಧ್ಯವಾಯಿತು? ಸಾಮಾನ್ಯ ಚಿಪ್‌ಗಳನ್ನು ಕೋಟ್ಯಂತರ ಜನ ಕೊಳ್ಳುತ್ತಾರೆ. ಆದ್ದರಿಂದ ಅವುಗಳನ್ನು ಸುಧಾರಿಸಲು ಹಣ ಸಿಗುತ್ತದೆ. ಚಿಪ್ ವೇಗವಾದರೆ ತಂತ್ರಾಂಶವೂ ವೇಗವಾಗುತ್ತದೆ. ಜೊತೆಗೆ, ಕೆಟ್ಟ ನಡೆಗಳನ್ನು ಬೇಗನೆ ಕೈಬಿಡುವ ಉಪಾಯಗಳನ್ನು ತಂತ್ರಾಂಶ ಬರೆಯುವವರು ಕಂಡುಕೊಂಡರು. ನೋಡುವುದು ಕಡಿಮೆಯಾದರೂ ಆಟ ಚುರುಕಾಯಿತು.

ಹಾಗಾದರೆ ವಿಶೇಷ ಯಂತ್ರಾಂಶ ವ್ಯರ್ಥವೇ? ಖಂಡಿತ ಅಲ್ಲ. 2017ರಲ್ಲಿ 'ಆಲ್ಫಾಜೀರೋ' ವಿಶೇಷ ಚಿಪ್‌ಗಳ ನೆರವಿನಿಂದ, ತನ್ನೊಂದಿಗೆ ತಾನೇ ಆಡಿ ಚದುರಂಗ ಕಲಿಯಿತು. ಮರುವರ್ಷವೇ ಸ್ವಯಂಸೇವಕರು ಅದೇ ವಿಚಾರವನ್ನು ಬಳಸಿ 'ಲೀಲಾ' ಎಂಬ ಉಚಿತ ತಂತ್ರಾಂಶವನ್ನು ರೂಪಿಸತೊಡಗಿದರು. ಅದು ಮನೆಯ ಗಣಕಯಂತ್ರದಲ್ಲೂ ಓಡುತ್ತದೆ. ವಿಶೇಷ ಯಂತ್ರ ದಾರಿ ತೋರಿಸಿತು, ತಂತ್ರಾಂಶ ಆ ದಾರಿಯನ್ನು ಎಲ್ಲರಿಗೂ ತೆರೆಯಿತು.

ನನ್ನ ಅಭಿಪ್ರಾಯದಲ್ಲಿ, ಹಣಕ್ಕೆ ಮಾರುವ ತಂತ್ರಾಂಶಕ್ಕೆ ನಿಜವಾದ ಪೈಪೋಟಿ ಬಂದದ್ದು ವಿಶೇಷ ಯಂತ್ರದಿಂದಲ್ಲ, ಉಚಿತ ತಂತ್ರಾಂಶದಿಂದ. 2008ರಲ್ಲಿ ಬಂದ 'ಸ್ಟಾಕ್‌ಫಿಶ್' ಉಚಿತ. ಅದು ವಿಶ್ವ ಚಾಂಪಿಯನ್ನರಿಗಿಂತಲೂ ಬಲಶಾಲಿಯಾಗಿ ಬೆಳೆದಿದೆ. ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಒಂದೇ ಗಣಕಯಂತ್ರ ಇರುವ ಶಾಲೆಯ ಮಕ್ಕಳಿಗೂ ಇಂಥ ಗುರು ಸಿಗುತ್ತಾನೆ. ಡೀಪ್ ಬ್ಲೂ ಯಂತ್ರವನ್ನು ಯಾವ ಶಾಲೆ ತಾನೇ ತರಿಸಿಕೊಳ್ಳಲು ಸಾಧ್ಯವಿತ್ತು?

ನಿಮಗೇನನ್ನಿಸುತ್ತದೆ? ಗೆಳೆಯರೊಂದಿಗೆ ಚರ್ಚಿಸಿ.