ಹಿಮದ ಹಾದಿಯಲ್ಲಿ ಪಾದದ ಪಾಡು

ದೇಹದ ಅಂಗಗಳಲ್ಲಿ ಹೆಚ್ಚು ದುಡಿಯುವುದೂ ಕಡಿಮೆ ಆರೈಕೆ ಪಡೆಯುವುದೂ ಪಾದವೇ. ಮುಖವನ್ನು ದಿನಕ್ಕೆ ಹತ್ತು ಸಲ ಕನ್ನಡಿಯಲ್ಲಿ ನೋಡಿಕೊಳ್ಳುವ ನಾವು ಪಾದದತ್ತ ಕಣ್ಣು ಹಾಯಿಸುವುದು ಅದು ನೊಂದಾಗ ಮಾತ್ರ. ಒಂದೊಂದು ಪಾದದಲ್ಲಿಯೂ 26 ಎಲುಬುಗಳಿವೆ, ಮೂವತ್ತಕ್ಕೂ ಹೆಚ್ಚು ಕೀಲುಗಳಿವೆ. ಇವುಗಳಲ್ಲಿ ಹೆಬ್ಬೆರಳ ಬುಡದ ಕೀಲು ಮುಖ್ಯವಾದುದು. ಹೆಜ್ಜೆ ಕಿತ್ತಿಡುವಾಗಲೆಲ್ಲ ದೇಹದ ಭಾರವು ಕಡೆಗೆ ಬಂದು ನಿಲ್ಲುವುದು ಅದರ ಮೇಲೆಯೇ. ಅದು ಕೆಟ್ಟರೆ ನಡಿಗೆಯೇ ಕೆಟ್ಟಂತೆ.

ಈ ಸಂಚಿಕೆಯಲ್ಲಿ ಪಾದದ ವಿಷಯವನ್ನು ಎತ್ತಿಕೊಳ್ಳಲು ಕಾರಣವುಂಟು. ನಮ್ಮ ವಾಚಕ ದಂಪತಿಗಳು ಪತ್ರ ಬರೆದಿದ್ದಾರೆ. ಅವರ ಮಗಳು ಅಮೆರಿಕದ ಕೊಲೊರಾಡೊ ಸೀಮೆಯಲ್ಲಿ ನೆಲೆಸಿದ್ದಾಳೆ. ಹಿಮದ ಮೇಲೆ ಜಾರುವ ಸ್ಕೀ ಆಟದಲ್ಲಿ ಅವಳಿಗೆ ಬಹಳ ಆಸಕ್ತಿ. ಎರಡು ವರ್ಷಗಳಿಂದ ಹೆಬ್ಬೆರಳ ಕೀಲು ಬಿಗಿದು ನೋಯುತ್ತಿದ್ದು, ಆ ಕೀಲನ್ನು ಶಾಶ್ವತವಾಗಿ ಬೆಸೆಯಬೇಕೆಂದು ಅಲ್ಲಿಯ ವೈದ್ಯರು ಸೂಚಿಸಿದ್ದಾರಂತೆ. "ಕೀಲು ಬೆಸೆದ ಮೇಲೆ ಬೆರಳು ಬಾಗುವುದಿಲ್ಲವೆನ್ನುತ್ತಾರೆ. ಮಗಳು ಕುಂಟಿಯಾಗುವಳೇ? ಅವಳ ಆಟ ಅಲ್ಲಿಗೇ ಮುಗಿಯಿತೇ?" ಎಂಬುದು ತಾಯಿಯ ಕಳವಳ. ಇಂದು ನಮ್ಮ ಅನೇಕ ಮನೆಗಳ ಮಕ್ಕಳು ಹಿಮ ಬೀಳುವ ನಾಡುಗಳಲ್ಲಿದ್ದಾರೆ. ಆದುದರಿಂದ ಈ ಪ್ರಶ್ನೆಗೆ ಎಲ್ಲರೂ ಓದುವಂತೆ ಉತ್ತರಿಸುವುದು ಯುಕ್ತವೆಂದು ಭಾವಿಸಿದೆವು.

ಮೊದಲು ಆಟದ ಸ್ವರೂಪವನ್ನು ಅರಿಯೋಣ. 'ಸ್ಕೀ' ಎಂಬುದು ಪ್ರಾಚೀನ ನಾರ್ಸ್ ಭಾಷೆಯಿಂದ ಬಂದ ಶಬ್ದ; ಸೀಳಿದ ಮರದ ತುಂಡು ಎಂದು ಅದರ ಮೂಲಾರ್ಥ. ನಾರ್ವೆ ಮೊದಲಾದ ಉತ್ತರದೇಶಗಳ ಜನರಿಗೆ ಅದು ಆಟವಾಗುವುದಕ್ಕೆ ಮುಂಚೆ ಹಿಮಗಾಲದ ಸಂಚಾರಸಾಧನವಾಗಿತ್ತು. ನಾರ್ವೆಯ ಟೆಲಿಮಾರ್ಕ್ ಸೀಮೆಯ ಸೋಂದ್ರೆ ನೂರ್ಹೈಮ್ (1825–1897) ಎಂಬ ರೈತನು ಅದಕ್ಕೆ ಕ್ರೀಡೆಯ ರೂಪ ಕೊಟ್ಟವರಲ್ಲಿ ಅಗ್ರಗಣ್ಯ. ಕಾಲಕ್ರಮದಲ್ಲಿ ಈ ಆಟ ಎರಡು ಕವಲಾಯಿತು. ಬೆಟ್ಟದ ಇಳಿಜಾರಿನಲ್ಲಿ ರಭಸದಿಂದ ಕೆಳಗಿಳಿಯುವ ಆಲ್ಪೈನ್ ಪದ್ಧತಿ ಒಂದು; ಇದರಲ್ಲಿ ಬೆರಳಿನ ತುದಿಯೂ ಹಿಮ್ಮಡಿಯೂ ಹಲಗೆಗೆ ಭದ್ರವಾಗಿ ಕೂಡಿರುತ್ತವೆ. ಬಯಲಿನಲ್ಲಿ ದೂರದೂರ ಸಾಗುವ ಕ್ರಾಸ್ ಕಂಟ್ರಿ ಪದ್ಧತಿ ಮತ್ತೊಂದು. ಇದರಲ್ಲಿ ಹಿಮ್ಮಡಿ ಬಿಡುವಾಗಿದ್ದು, ಹೆಜ್ಜೆಹೆಜ್ಜೆಗೂ ಮೇಲೇಳುತ್ತದೆ. ಟೆಲಿಮಾರ್ಕ್ ಎಂಬ ಹಳೆಯ ಶೈಲಿಯಲ್ಲಿಯೂ ಹಿಮ್ಮಡಿ ಬಿಡುವೇ. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರು ಹೆಸರು ಗಳಿಸಿರುವುದು ಈ ಕ್ರಾಸ್ ಕಂಟ್ರಿಯಲ್ಲಿಯೇ ಎಂಬುದನ್ನು ನಮ್ಮ ನಾಡಿನವರು ಹೆಮ್ಮೆಯಿಂದ ನೆನೆಯಬಹುದು. ಹಿಮ್ಮಡಿಯ ಈ ಭೇದವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಮ್ಮ ಉತ್ತರವೆಲ್ಲ ಇದನ್ನೇ ಅವಲಂಬಿಸಿದೆ.

ಪಾದದ ತೊಂದರೆಗಳಿಗೆ ಮೂಲ ಬಹುಮಟ್ಟಿಗೆ ಬೂಟು. ಹಿಂದೆ ಸ್ಕೀ ಬೂಟುಗಳು ಚರ್ಮದವಾಗಿದ್ದವು. ಸವೆದಂತೆಲ್ಲ ಕಾಲಿಗೆ ಹೊಂದಿಕೊಳ್ಳುತ್ತಿದ್ದವು. 1960ರ ದಶಕದಲ್ಲಿ ಅಮೆರಿಕದ ಬಾಬ್ ಲಾಂಗೆ ಎಂಬವರು ಪ್ಲಾಸ್ಟಿಕ್ ಬೂಟನ್ನು ಬಳಕೆಗೆ ತಂದರು. ಹಲಗೆಯ ಮೇಲಿನ ಹತೋಟಿ ಬಹಳ ಹೆಚ್ಚಿತು. ಆದರೆ ಪಾದಕ್ಕೆ ಬೂಟು ಒಗ್ಗುತ್ತಿದ್ದ ಕಾಲ ಹೋಗಿ, ಬೂಟಿಗೆ ಪಾದವೇ ಒಗ್ಗಬೇಕಾದ ಕಾಲ ಬಂದಿತು. ಗಟ್ಟಿ ಚಿಪ್ಪಿನೊಳಗೆ ಬೆರಳುಗಳು ಇಡೀ ದಿನ ಅಲುಗಾಡದೆ ಇರಬೇಕಾಗುತ್ತದೆ.

ಇದರ ಮೊದಲ ಫಲ ಕಪ್ಪಾದ ಉಗುರು. ಉಗುರಿನ ಅಡಿಯಲ್ಲಿ ರಕ್ತ ಕಟ್ಟಿ ಅದು ಕಪ್ಪಾಗುತ್ತದೆ, ಕೆಲವೊಮ್ಮೆ ಕಳಚಿ ಬೀಳುತ್ತದೆ; ಕಾಲಿನ ಹೆಬ್ಬೆರಳ ಉಗುರು ಪೂರ್ತಿಯಾಗಿ ಮರಳಿ ಬೆಳೆಯಲು ಒಂದು ವರ್ಷ, ಒಂದೂವರೆ ವರ್ಷ ಬೇಕು. ಬೂಟು ಚಿಕ್ಕದಾಯಿತೆಂದು ಬಗೆದು ಇನ್ನೂ ದೊಡ್ಡ ಬೂಟು ಕೊಳ್ಳುವವರೇ ಹೆಚ್ಚು. ಆದರೆ ಅನೇಕ ವೇಳೆ ದೋಷವಿರುವುದು ದೊಡ್ಡ ಬೂಟಿನಲ್ಲಿಯೇ. ಸಡಿಲ ಬೂಟಿನಲ್ಲಿ ಪಾದ ಮುಂದಕ್ಕೆ ಜಾರಿ ಬೆರಳು ಗೋಡೆಗೆ ಬಡಿಯುತ್ತದೆ. ಬೂಟಿನ ಒಳಚೀಲವನ್ನು ತೆಗೆದು, ಬರಿಯ ಚಿಪ್ಪಿನಲ್ಲಿ ಕಾಲಿಟ್ಟು, ಬೆರಳು ಮುಂದೆ ಮೆಲ್ಲನೆ ತಾಗುವಂತೆ ನಿಂತು ನೋಡಬೇಕು. ಆಗ ಹಿಮ್ಮಡಿಯ ಹಿಂದೆ ಒಂದರಿಂದ ಎರಡು ಸೆಂಟಿಮೀಟರಿನಷ್ಟು ಜಾಗ ಉಳಿದರೆ ಅಳತೆ ಸರಿಯೆಂದು ಅನುಭವಿಗಳ ಮತ. ಉಗುರುಗಳನ್ನು ಗಿಡ್ಡವಾಗಿ, ಮೂಲೆ ಕೊರೆಯದೆ ನೇರವಾಗಿ ಕತ್ತರಿಸಿಕೊಳ್ಳಬೇಕು. ಮೂಲೆ ಕೊರೆದರೆ ಉಗುರು ಮಾಂಸದೊಳಕ್ಕೆ ಬೆಳೆದು ಕೀವಾಗುವ ಭಯವುಂಟು.

ಎರಡನೆಯದು ಹೆಬ್ಬೆರಳ ಬುಡದ ಗಂಟು. ಹೆಬ್ಬೆರಳು ಇತರ ಬೆರಳುಗಳತ್ತ ವಾಲಿ, ಅದರ ಬುಡದ ಎಲುಬು ಹೊರಕ್ಕೆ ಉಬ್ಬುವುದೇ ಈ ವ್ಯಾಧಿ. ಮನೆತನದಿಂದ ಬರುವ ಪಾದರಚನೆಯೂ ಇಕ್ಕಟ್ಟಿನ ಪಾದರಕ್ಷೆಯೂ ಇದಕ್ಕೆ ಕಾರಣಗಳು. ಗಟ್ಟಿ ಬೂಟು ಈ ಗಂಟನ್ನು ದಿನವಿಡೀ ಒತ್ತುತ್ತದೆ. ಇದಕ್ಕೆ ಮೊದಲ ಚಿಕಿತ್ಸೆ ನಡೆಯಬೇಕಾದುದು ಬೂಟಿನ ಮೇಲೆ, ಕಾಲಿನ ಮೇಲಲ್ಲ. ಬಲ್ಲ ಕುಶಲಕರ್ಮಿಗಳು ಪ್ಲಾಸ್ಟಿಕ್ ಚಿಪ್ಪನ್ನು ಕಾಯಿಸಿ, ಗಂಟಿರುವ ಕಡೆಯಷ್ಟೇ ಹೊರಕ್ಕೆ ಉಬ್ಬಿಸಿಕೊಡುತ್ತಾರೆ. ಎಷ್ಟೋ ಜನರಿಗೆ ಇಷ್ಟರಿಂದಲೇ ಪರಿಹಾರ ದೊರೆಯುತ್ತದೆ. ಬೆರಳಿಗೆ ಕಟ್ಟುವ ಪಟ್ಟಿಗಳು ನೋವನ್ನು ಕೊಂಚ ತಗ್ಗಿಸಬಹುದೇ ಹೊರತು ವಯಸ್ಕರ ವಾಲಿದ ಎಲುಬನ್ನು ನೆಟ್ಟಗೆ ಮಾಡಲಾರವು. ಎಲುಬನ್ನು ಕತ್ತರಿಸಿ, ಸರಿಸಿ, ತಿರುಪು ಮೊಳೆಯಿಂದ ಕೂಡಿಸುವ ಶಸ್ತ್ರಚಿಕಿತ್ಸೆ ಇದೆ. ಆದರೆ ನೋವಿಲ್ಲದ ಗಂಟನ್ನು ಅಂದಕ್ಕಾಗಿ ಕೊಯ್ಯಿಸಿಕೊಳ್ಳುವುದು ವಿವೇಕವಲ್ಲ. ಬಾವು ಇಳಿಯಲು ತಿಂಗಳುಗಳೇ ಹಿಡಿಯುತ್ತವೆ, ಗಂಟು ಮರುಕಳಿಸುವುದೂ ಉಂಟು.

ಮೂರನೆಯದು ನರದ ಬೇನೆ. ಸಾಮಾನ್ಯವಾಗಿ ಮೂರನೆಯ ಮತ್ತು ನಾಲ್ಕನೆಯ ಬೆರಳುಗಳ ನಡುವಿನ ನರ ಒತ್ತಡದಿಂದ ದಪ್ಪಗಾಗಿ, ಉರಿ, ಜೋಮು, ಕಲ್ಲು ಮೆಟ್ಟಿದಂಥ ಅನುಭವ ಉಂಟಾಗುತ್ತದೆ. ಅಗಲವಾದ ಬೂಟು, ಅಂಗಾಲಿಗೆ ಆಸರೆ ಕೊಡುವ ಮೆತ್ತೆ, ಆಮೇಲೆ ಸೂಜಿಮದ್ದು — ಇವು ಅನುಕ್ರಮ. ಇವೆಲ್ಲವೂ ಸೋತಾಗ ಮಾತ್ರ ನರವನ್ನು ತೆಗೆಯುತ್ತಾರೆ; ಆಗ ಆ ಬೆರಳುಗಳ ನಡುವೆ ಸ್ಪರ್ಶಜ್ಞಾನ ಶಾಶ್ವತವಾಗಿ ಇಲ್ಲವಾಗುತ್ತದೆ.

ಇನ್ನು ಪತ್ರದಲ್ಲಿ ಕೇಳಿರುವ ಬಿಗಿದ ಕೀಲು. ಹೆಬ್ಬೆರಳ ಬುಡದ ಕೀಲಿನ ಮೆದು ಎಲುಬು ಸವೆದು, ಮೇಲ್ಭಾಗದಲ್ಲಿ ಎಲುಬಿನ ಮುಳ್ಳು ಬೆಳೆದು, ಬೆರಳು ಮೇಲಕ್ಕೆ ಬಾಗದಂತಾಗುವುದೇ ಈ ವ್ಯಾಧಿ. ಸವೆತ ಅಲ್ಪವಾಗಿದ್ದರೆ ಮುಳ್ಳನ್ನು ಕೆತ್ತಿ ತೆಗೆದರೆ ಸಾಕು; ಕೀಲು ಉಳಿಯುತ್ತದೆ, ರೋಗಿ ಎರಡು ಮೂರು ತಿಂಗಳಲ್ಲಿ ಸಾಮಾನ್ಯವಾಗಿ ಆಟಕ್ಕೆ ಮರಳಬಹುದು. ಕೀಲು ಪೂರ್ತಿಯಾಗಿ ಸವೆದಿದ್ದರೆ ಎರಡು ಎಲುಬುಗಳನ್ನು ತಿರುಪು ಮೊಳೆ ಅಥವಾ ಲೋಹದ ಪಟ್ಟಿಯಿಂದ ಕೂಡಿಸಿ ಒಂದೇ ಎಲುಬಾಗುವಂತೆ ಬೆಸೆಯುತ್ತಾರೆ. ಬೆಸುಗೆ ಕೂಡಲು ಆರರಿಂದ ಎಂಟು ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಆಟಕ್ಕೆ ಮರಳಲು ಮೂರರಿಂದ ಆರು ತಿಂಗಳು. ಬಾಗುವಿಕೆ ಹೋಗುತ್ತದೆ, ಅದರೊಡನೆ ಬಹುತೇಕ ನೋವೂ ಹೋಗುತ್ತದೆ.

ಹಾಗಾದರೆ ಆಟದ ಗತಿ? ಆಲ್ಪೈನ್ ಬೂಟಿನ ಅಡಿ ಬಾಗುವುದೇ ಇಲ್ಲ; ಒಳಗಿರುವ ಹೆಬ್ಬೆರಳೂ ಬಾಗಬೇಕಾಗಿಲ್ಲ. ಇಳಿಜಾರಿನ ಆಟಗಾರರಿಗೆ ಬೆಸೆದ ಕೀಲು ದೊಡ್ಡ ಅಡ್ಡಿಯಲ್ಲ. ಬೆಸುಗೆಯ ನಂತರ ಈ ಆಟಕ್ಕೆ ಮರಳಿದವರು ಅನೇಕರಿದ್ದಾರೆ. ಕ್ರಾಸ್ ಕಂಟ್ರಿ ಅಥವಾ ಟೆಲಿಮಾರ್ಕ್ ಆಡುವವರ ಸ್ಥಿತಿ ಬೇರೆ. ಅಲ್ಲಿ ಹಿಮ್ಮಡಿ ಎದ್ದಾಗಲೆಲ್ಲ ಹೆಬ್ಬೆರಳು ಬಾಗಲೇಬೇಕು. ಒಂದೇ ಶಸ್ತ್ರಚಿಕಿತ್ಸೆ ಒಬ್ಬರಿಗೆ ವರವಾದೀತು, ಇನ್ನೊಬ್ಬರಿಗೆ ತೊಡಕಾದೀತು. ಆದುದರಿಂದ "ನೋವು ಎಷ್ಟಿದೆ?" ಎಂಬುದರ ಜೊತೆಗೆ "ನಾನು ಯಾವ ಆಟ ಆಡುವೆನು?" ಎಂಬುದನ್ನೂ ವೈದ್ಯರ ಮುಂದೆ ಸ್ಪಷ್ಟವಾಗಿ ಹೇಳಬೇಕು, ಸಾಧ್ಯವಾದರೆ ಬೂಟನ್ನೇ ಕೊಂಡೊಯ್ದು ತೋರಿಸಬೇಕು. ಬೆರಳನ್ನು ಬೆಸೆಯುವಾಗ ತುಸು ಮೇಲ್ಮುಖವಾಗಿ ನಿಲ್ಲಿಸುವುದು ವಾಡಿಕೆ. ಅದು ಅತಿಯಾದರೆ ಬೂಟಿನ ಮೇಲ್ಗೋಡೆಗೆ ತಾಗುತ್ತದೆ. ಕುಂಟುವ ಭಯವೂ ಬೇಡ. ಬೆಸುಗೆ ಸರಿಯಾಗಿ ಕೂಡಿದವರು ನಿತ್ಯದ ನಡಿಗೆಯನ್ನು ಸುಖವಾಗಿಯೇ ನಡೆಸುತ್ತಾರೆ. ಎತ್ತರದ ಹಿಮ್ಮಡಿಯ ಚಪ್ಪಲಿಯನ್ನು ಬಿಡಬೇಕಾದೀತು, ಅಷ್ಟೆ.

ಕಾಲದ ವಿಚಾರವನ್ನೂ ಮರೆಯಬಾರದು. ಉತ್ತರ ಗೋಳಾರ್ಧದಲ್ಲಿ ಸ್ಕೀ ಋತು ಸುಮಾರು ಡಿಸೆಂಬರಿನಿಂದ ಏಪ್ರಿಲಿನವರೆಗೆ. ಋತು ಮುಗಿದೊಡನೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಮುಂದಿನ ಹಿಮ ಬೀಳುವ ಹೊತ್ತಿಗೆ ಎಲುಬು ಕೂಡಿರುತ್ತದೆ. ಶರತ್ಕಾಲದಲ್ಲಿ ಕೊಯ್ಯಿಸಿಕೊಂಡು ಹೊಸವರ್ಷಕ್ಕೆ ಆಡುವೆನೆಂಬ ಅವಸರ ಕೆಲಸವನ್ನು ಕೆಡಿಸುತ್ತದೆ. ಹೊಗೆಸೊಪ್ಪಿನ ಚಟವುಳ್ಳವರಲ್ಲಿ ಎಲುಬಿನ ಬೆಸುಗೆ ನಿಧಾನ. ಅದನ್ನು ಬಿಡುವುದು ಅಗತ್ಯ. ಸಕ್ಕರೆ ಕಾಯಿಲೆಯವರು ಮೊದಲು ಪಾದದ ಸ್ಪರ್ಶವನ್ನೂ ರಕ್ತಸಂಚಾರವನ್ನೂ ಪರೀಕ್ಷಿಸಿಕೊಳ್ಳಬೇಕು. ಬಿಗಿ ಬೂಟು ರಕ್ತವನ್ನು ತಡೆದರೆ ಚಳಿಗೆ ಬೆರಳು ಬೇಗ ಮರಗಟ್ಟುತ್ತದೆ. ಸ್ಪರ್ಶವಿಲ್ಲದವರಿಗೆ ಅದು ತಿಳಿಯುವುದೂ ಇಲ್ಲ.

ವಾಚಕ ಬಂಧುಗಳೇ, ಆಟವನ್ನು ಬಿಡು ಎಂದು ಮಕ್ಕಳಿಗೆ ಹೇಳುವುದು ಸುಲಭ. ಅದರಿಂದ ಅವರು ಆಟವನ್ನಂತೂ ಬಿಡರು, ನೋವನ್ನು ನಮಗೆ ಹೇಳುವುದನ್ನು ಬಿಟ್ಟಾರು. ಅದಕ್ಕಿಂತ ಅವರ ಮಾತನ್ನು ಕೇಳಿ, ಕ್ರಮವನ್ನು ತಿಳಿಸುವುದು ಮೇಲು. ಮೊದಲು ಬೂಟು ಸರಿಪಡಿಸಲಿ, ಬಳಿಕ ಮೆತ್ತೆ, ಮದ್ದು, ವಿಶ್ರಾಂತಿ, ಕಡೆಗೆ ಶಸ್ತ್ರ. ತಿರುಪು ಮೊಳೆ ಹಾಕುವ ಮುನ್ನ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದರಲ್ಲಿ ತಪ್ಪಿಲ್ಲ. ಬೂಟನ್ನು ಮತ್ತೆ ಕೊಳ್ಳಬಹುದು, ಪಾದವನ್ನು ಕೊಳ್ಳಲಾಗದು.