ತೆರೆಯ ಹಿಂದಿನ ಸದ್ದು: ಕೋಡಿ ಕಡಲಲ್ಲಿ ಮೂಕಾದ ಮೈಕು

ಓದುಗ ಮಿತ್ರರೊಬ್ಬರು ದಾವಣಗೆರೆಯಿಂದ ಒಂದು ಪತ್ರ ಎಸೆದಿದ್ದಾರೆ. “ಹೇಗೂ ಮಾತೆಲ್ಲ ಸ್ಟುಡಿಯೋದಲ್ಲಿ ಡಬ್ ಆಗುತ್ತೆ. ಹಾಗಿದ್ದ ಮೇಲೆ ಶೂಟಿಂಗ್ ಜಾಗದಲ್ಲಿ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಕೂರೋ ನಿಮಗೆ ಸಂಬಳ ಯಾಕ್ರೀ?”

ಪ್ರಶ್ನೆ ಖಾರವಾಗಿದೆ! ಆದರೆ ಮಿತ್ರರೇ, ಎಲ್ಲ ಚಿತ್ರವೂ ಡಬ್ ಆಗೋದಿಲ್ಲ. ೧೯೩೪ರ ‘ಸತಿ ಸುಲೋಚನಾ’ದ ಕಾಲದಲ್ಲಿ ನಟನಟಿಯರು ಕ್ಯಾಮೆರಾ ಮುಂದೆ ಆಡಿದ್ದೇ ಮಾತು. ಆಮೇಲೆ ಡಬ್ಬಿಂಗ್ ಬಂತು, ಲೊಕೇಶನ್ ಸದ್ದು ಮೂಲೆಗೆ ಬಿತ್ತು. ೨೦೦೧ರಲ್ಲಿ ‘ಲಗಾನ್’ ಜಾಗದಲ್ಲೇ ಮಾತು ಹಿಡಿದು ತೋರಿಸಿತು. ನಮ್ಮ ಮಂಡ್ಯ ಸೀಮೆಯ ‘ತಿಥಿ’ ೨೦೧೫ರಲ್ಲಿ ಲೊಕಾರ್ನೋದಲ್ಲಿ ಪ್ರಶಸ್ತಿ ಹೊಡೆಯಿತಲ್ಲ, ಅದರ ಹಳ್ಳಿಗರ ಮಾತನ್ನು ಬೆಂಗಳೂರಿನ ಡಬ್ಬಿಂಗ್ ಕಲಾವಿದರು ಆಡಿದ್ದರೆ ಹೇಗಿರುತ್ತಿತ್ತು? ನೀವೇ ಯೋಚಿಸಿ. ಅಂಥ ಕಡೆ ನಮ್ಮ ಕಿವಿಗೆ ಬೆಲೆ. ನಮ್ಮ ತಪ್ಪಿಗೂ ಬೆಲೆ! ಆ ತಪ್ಪಿನ ಕಥೆಯನ್ನೇ ಇವತ್ತು ಹೇಳುತ್ತೇನೆ.

ಜಾಗ ಕೋಡಿ. ಕುಂದಾಪುರದ ಮಗ್ಗುಲಲ್ಲಿ ಐದು ನದಿ ಸೇರಿ ಸಮುದ್ರಕ್ಕೆ ಬೀಳುವ ಅಳಿವೆ ಇದೆ ನೋಡಿ, ಅದರ ದಕ್ಷಿಣದ ದಡ. ಎದುರು ದಡದಲ್ಲಿ ಗಂಗೊಳ್ಳಿ, ಬಂದರಿಗೆ ಮರಳುವ ದೋಣಿಗಳ ಸಾಲು. ಸಣ್ಣ ಬಜೆಟ್ಟಿನ ಚಿತ್ರ, ಹೊಸ ನಿರ್ದೇಶಕ. ಮುಖ್ಯ ದೃಶ್ಯಕ್ಕೆ ಅವರು ನಟಿಯನ್ನು ತಂದಿರಲಿಲ್ಲ. ಮೀನುಗಾರರ ಮನೆಯ ಎಪ್ಪತ್ತು ದಾಟಿದ ಅಜ್ಜಿಯೊಬ್ಬರನ್ನು ಒಪ್ಪಿಸಿದ್ದರು. ಸಂಜೆ ಹೊತ್ತು ಅಜ್ಜಿ ದಡದಲ್ಲಿ ನಿಂತು, ಕಡಲಿಗೆ ಹೋದ ಮಗನನ್ನು ಊಟಕ್ಕೆ ಕೂಗಬೇಕು. ಅಷ್ಟೇ. ಆ ಕುಂದಾಪ್ರ ಕನ್ನಡ, ಆ ಎಳೆತ... ಅದನ್ನು ಡಬ್ ಮಾಡುವ ಗಂಡಸು ಹೆಂಗಸು ಇನ್ನೂ ಹುಟ್ಟಿಲ್ಲ.

ನನ್ನ ಕೈಯಲ್ಲಿ ಬಾಡಿಗೆ ಸಾಮಾನು. ಒಂದು ಫೀಲ್ಡ್ ಮಿಕ್ಸರ್, ಕೋಲಿಗೆ ಕಟ್ಟುವ ಉದ್ದನೆಯ ಸೆನ್‌ಹೈಸರ್ ಎಂಕೆಎಚ್ ೪೧೬ ಮೈಕು, ಸೆರಗಿನೊಳಗೆ ಸಿಕ್ಕಿಸುವ ವೈರ್‌ಲೆಸ್ ಗುಂಡಿ ಮೈಕು. ೪೧೬ ಕಡಲ ಬದಿಗೆ ಹೇಳಿ ಮಾಡಿಸಿದ ಮೈಕು. ಸಾಮಾನ್ಯ ಕಂಡೆನ್ಸರ್ ಮೈಕು ಉಪ್ಪು ತೇವಕ್ಕೆ ಚಟಪಟ ಅನ್ನುತ್ತದೆ. ಇದರೊಳಗೆ ಬೇರೆಯೇ ರೇಡಿಯೋ ಫ್ರೀಕ್ವೆನ್ಸಿ ವಿಧಾನ ಇರುವುದರಿಂದ ತೇವಕ್ಕೆ ಬಗ್ಗುವುದಿಲ್ಲ. ಆ ಧೈರ್ಯದಲ್ಲಿ ನಾನು ಪರೀಕ್ಷೆ ಮಾಡದೆ ಪೆಟ್ಟಿಗೆ ಹೊತ್ತುಕೊಂಡು ಬಂದೆ. ಹೌದು, ಮಾಡಲಿಲ್ಲ. ಬೈಯಿರಿ.

ಬೆಳಕು ಇಳಿಯುತ್ತಿತ್ತು. ನಿರ್ದೇಶಕರು “ಸೌಂಡ್ ರೆಡಿನಾ?” ಅಂದರು. ಹೆಡ್‌ಫೋನಿನಲ್ಲಿ ಸುಯ್ ಅನ್ನುವ ಸದ್ದು. ಸಮುದ್ರ ಚೆನ್ನಾಗಿ ಬರ್ತಿದೆ ಅಂದುಕೊಂಡು “ರೆಡಿ” ಅಂದೆ. ಕ್ಯಾಮೆರಾ ತಿರುಗಿತು. ಅಜ್ಜಿ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದರು: “ಉಂಬುಕೆ ಬಾ ಮಗಾ... ಅನ್ನ ತಣ್ದ್ ಹೋತ್...!” ಹೆಡ್‌ಫೋನ್ ದಾಟಿಕೊಂಡು ಆ ಕೂಗು ನನ್ನ ಬೆನ್ನುಮೂಳೆಗೆ ಇಳಿಯಿತು. ಕ್ಯಾಮೆರಾಮನ್ ಕಣ್ಣು ಒರೆಸಿಕೊಂಡ. ನಾನು ಅಜ್ಜಿಯನ್ನೇ ನೋಡುತ್ತಿದ್ದೆ, ಮೀಟರ್ ನೋಡಲಿಲ್ಲ.

“ಎಲ್ಲಿ, ಕೇಳಿಸ್ರೀ.” ಹಾಕಿದೆ. ಬರೀ ಸುಯ್! ನಾನು ಸಮುದ್ರ ಅಂದುಕೊಂಡದ್ದು ಖಾಲಿ ಮಿಕ್ಸರಿನ ಉಸಿರು. ನಿಜವಾದ ಸಮುದ್ರ ಹೆಡ್‌ಫೋನಿನ ಸಂದಿಯಿಂದ ಒಳಗೆ ಬಂದು ನನ್ನನ್ನು ಮೋಸ ಮಾಡಿತ್ತು. ಗುಂಡಿ ಮೈಕಿನ ಟ್ರ್ಯಾಕ್? ಅದರಲ್ಲಿ ಅಜ್ಜಿಯ ದನಿ ಪಾತಾಳದಿಂದ ಬಂದಂತೆ, ಸಿಪ್ಪೆ ಮಾತ್ರ. ನಿರ್ದೇಶಕರು ಒಂದು ಮಾತೂ ಆಡಲಿಲ್ಲ. ಆಡಿದ್ದರೇ ವಾಸಿಯಿತ್ತು.

ಕುಂದಾಪುರದಲ್ಲಿ ಯಕ್ಷಗಾನದ ಆಟಗಳಿಗೆ ಮೈಕ್ ಸೆಟ್ ಕಟ್ಟುವ ಹುಡುಗನೊಬ್ಬ ನಮ್ಮ ತಂಡಕ್ಕೆ ಪರಿಚಯ. ಫೋನ್ ಮಾಡಿದ್ದೇ ತಡ, ಸ್ಕೂಟರಿನಲ್ಲಿ ಬ್ಯಾಗು, ಸೋಲ್ಡರಿಂಗ್ ಕಡ್ಡಿ ಸಮೇತ ಬಂದ. “ಹ್ವಾಯ್, ಎಂತ ಆಯ್ತ್ ಮಾರ್ರೆ?” ಅಂದವನೇ ತನ್ನ ಭಾಗವತರ ಮೈಕನ್ನು, ಮಾಮೂಲಿ ಡೈನಮಿಕ್ ಮೈಕನ್ನು, ನನ್ನದೇ ಕೇಬಲ್ಲಿಗೆ ಸಿಕ್ಕಿಸಿ “ಹಲೋ” ಅಂದ. ಮೀಟರ್ ಎದ್ದಿತು! ಸರಿ, ಕೇಬಲ್ ನಿರಪರಾಧಿ, ಮಿಕ್ಸರ್ ನಿರಪರಾಧಿ. ಒಮ್ಮೆಗೆ ಒಂದನ್ನೇ ಬದಲಿಸಿ ನೋಡುವುದು ಅವನ ಪದ್ಧತಿ. ನನಗೂ ಅದು ಗೊತ್ತಿತ್ತು, ಗಾಬರಿಯಲ್ಲಿ ಎಲ್ಲ ವೈರನ್ನೂ ಒಟ್ಟಿಗೆ ಕಿತ್ತಿದ್ದೆ!

ಆಗ ೪೧೬ರ ಮೈಮೇಲೆ ಟಾರ್ಚ್ ಬಿಟ್ಟೆ. ಹೆಸರಿನ ಪಕ್ಕದಲ್ಲಿ ಒಂದೇ ಒಂದು ಅಕ್ಷರ... ‘ಟಿ’.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಂಥ ಮೈಕಿಗೆ ಕರೆಂಟು ಬೇಕು, ಅದನ್ನು ಮಿಕ್ಸರೇ ಮೈಕಿನ ಕೇಬಲ್ಲಿನಲ್ಲಿ ಕಳಿಸುತ್ತದೆ. ಈಗ ಎಲ್ಲ ಕಡೆ ನಡೆಯುವುದು ೪೮ ವೋಲ್ಟಿನ ಫ್ಯಾಂಟಮ್. ೧೯೬೬ರಲ್ಲಿ ಜರ್ಮನಿಯ ನಾಯ್‌ಮನ್ ಕಂಪನಿ ನಾರ್ವೆಯ ರೇಡಿಯೋದವರಿಗಾಗಿ ಶುರು ಮಾಡಿದ್ದು. ಫ್ಯಾಂಟಮ್ ಅಂದರೆ ಕಾಮಿಕ್ಸಿನ ಮುಖವಾಡದವನಲ್ಲ, ಭೂತ! ಇದ್ದೂ ಕಾಣಿಸದ ಕರೆಂಟು. ಕೇಬಲ್ಲಿನ ಮೂರು ಪಿನ್ನುಗಳಲ್ಲಿ ಒಂದನೆಯದು ನೆಲ. ಎರಡು ಮತ್ತು ಮೂರಕ್ಕೆ ಸಮನಾಗಿ ೪೮ ವೋಲ್ಟ್. ಆದ್ದರಿಂದ ಎರಡಕ್ಕೂ ಮೂರಕ್ಕೂ ನಡುವೆ ಸೊನ್ನೆ. ಅದಕ್ಕೇ ಸರಿಯಾದ ಕೇಬಲ್ಲಿದ್ದರೆ ಡೈನಮಿಕ್ ಮೈಕಿಗೆ ಅದು ಬಂದದ್ದೇ ತಿಳಿಯುವುದಿಲ್ಲ. ಆದರೆ ಹಿಂದೆ ಸಿನಿಮಾದವರು ಬಳಸುತ್ತಿದ್ದ ಟಿ-ಪವರ್ ಬೇರೆ. ಅದು ೧೨ ವೋಲ್ಟ್, ಎರಡು ಮತ್ತು ಮೂರರ ನಡುವೆಯೇ. ನನ್ನ ಮೈಕು ಅಲ್ಲಿ ೧೨ ಹುಡುಕುತ್ತಿತ್ತು, ನನ್ನ ಮಿಕ್ಸರ್ ಅಲ್ಲಿ ಸೊನ್ನೆ ಇಟ್ಟಿತ್ತು. ಊಟದ ಎಲೆ ಹಾಕಿ ಬಡಿಸದೆ ಹೋದ ಹಾಗೆ! ಪ್ಲಗ್ಗು ಮಾತ್ರ ಎರಡಕ್ಕೂ ಒಂದೇ, ಸರಾಗವಾಗಿ ಕೂರುತ್ತದೆ. ಹಳೆಯ ಫೀಲ್ಡ್ ಮಿಕ್ಸರುಗಳಲ್ಲಿ ಎರಡಕ್ಕೂ ಸ್ವಿಚ್ ಇರುತ್ತಿತ್ತು. ನನ್ನದರಲ್ಲಿ ೪೮ ಮಾತ್ರ. ನಡುವೆ ಹಾಕುವ ಸಣ್ಣ ಅಡಾಪ್ಟರ್ ಸಿಗುತ್ತದೆ. ಕೋಡಿಯಲ್ಲಿ ಎಲ್ಲಿಂದ ತರಲಿ? (ಇನ್ನೊಂದು ಮಾತು: ಟಿ-ಪವರ್ ಹಾಕಿದ ಚಾನೆಲ್ಲಿಗೆ ರಿಬ್ಬನ್ ಮೈಕು ಸಿಕ್ಕಿಸೀರಿ ಜೋಕೆ, ಸುಟ್ಟುಹೋಗುತ್ತದೆ.)

೪೧೬ ಪೆಟ್ಟಿಗೆ ಸೇರಿತು. ಇನ್ನು ಗುಂಡಿ ಮೈಕು. ಹುಡುಗ ಅದರ ರಿಸೀವರಿಗೆ ತನ್ನ ಇಯರ್‌ಫೋನ್ ಚುಚ್ಚಿದ. “ಲಾಯ್ಕ್ ಇತ್ತಲ್ದಾ!” ದನಿ ತುಂಬಿಕೊಂಡು ಬರುತ್ತಿತ್ತು. ಅಂದರೆ ರಿಸೀವರಿನಿಂದ ಮಿಕ್ಸರಿಗೆ ಹೋಗುವ ಗೇಣುದ್ದದ ಕೇಬಲ್ಲೇ ಕಳ್ಳ. ಅದರ ಒಂದು ತುದಿ ಸ್ಟೀರಿಯೋ ಪ್ಲಗ್ಗು. ಎಡದ ಸದ್ದು ಎರಡನೇ ಪಿನ್ನಿಗೆ, ಬಲದ ಸದ್ದು ಮೂರನೇ ಪಿನ್ನಿಗೆ ಹೋಗುವಂತೆ ಯಾರೋ ಬೆಸೆದಿದ್ದರು. ಮಿಕ್ಸರ್ ಮಾಡುವುದೇನು? ಎರಡರಲ್ಲಿ ಮೂರನ್ನು ಕಳೆಯುತ್ತದೆ. ಆ ರಿಸೀವರ್ ಎಡಕ್ಕೂ ಬಲಕ್ಕೂ ಒಂದೇ ದನಿ ಕೊಡುತ್ತದೆ. ಅಜ್ಜಿಯಿಂದ ಅಜ್ಜಿಯನ್ನು ಕಳೆದರೆ ಉಳಿಯುವುದೇನು ಹೇಳಿ?

ಪಕ್ಕದ ಮನೆಯ ಜಗಲಿಯಲ್ಲಿ ಕರೆಂಟು ಕೇಳಿ, ಕೇಬಲ್ ಬಿಚ್ಚಿದೆವು. ಬಲದ ವೈರ್ ಕತ್ತರಿಸಿ, ಎಡವನ್ನು ಎರಡಕ್ಕೆ, ನೆಲವನ್ನು ಒಂದಕ್ಕೂ ಮೂರಕ್ಕೂ ಬೆಸೆದೆವು. ಆ ಚಾನೆಲ್ಲಿನ ೪೮ ವೋಲ್ಟನ್ನು ನೆನಪಿಟ್ಟು ಆರಿಸಿದೆ. ಹೀಗೆ ಬೆಸೆದ ಕೇಬಲ್ಲಿಗೆ ಅದು ಹರಿದರೆ ರಿಸೀವರಿಗೇ ಪೆಟ್ಟು. ಭಾಗವತರ ಮೈಕನ್ನೂ ಬಿಡಲಿಲ್ಲ, ಅಜ್ಜಿಯ ಮೀನಿನ ಬುಟ್ಟಿಯಲ್ಲಿ ಬಟ್ಟೆ ಸುತ್ತಿ ಮಲಗಿಸಿದೆವು. ೪೧೬ಕ್ಕಿಂತ ಇಪ್ಪತ್ತು ಡೆಸಿಬಲ್ಲಿಗೂ ಮಿಕ್ಕಿ ಮೆಲುದನಿಯದು. ಗೇಣು ದೂರ ಮೀರಿದರೆ ಮಾತಿಗಿಂತ ಮಿಕ್ಸರಿನ ಸುಯ್ಯೇ ಜಾಸ್ತಿ. ಇರಲಿ, ಇದ್ದಷ್ಟು ಇರಲಿ.

ಕತ್ತಲಾಗಲು ಹತ್ತು ನಿಮಿಷ. ನಿರ್ದೇಶಕರು ಕೈಮುಗಿದು “ಅಜ್ಜೀ, ಇನ್ನೊಂದೇ ಒಂದು ಸಲ” ಅಂದರು. ಈ ಸಲ ನಾನು ಮೀಟರ್ ನೋಡುತ್ತಿದ್ದೆ. ಕ್ಯಾಮೆರಾ ತಿರುಗಿತು. ಅಜ್ಜಿ ಕಡಲ ಕಡೆ ನೋಡಿದರು. ಕೈ ಮೇಲೇಳಲಿಲ್ಲ. ನಮ್ಮ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದರು: “ಎಂತಕ್ಕೆ? ಆಗ್ಳೇ ಕರ್ದೆ ಅಲ್ದಾ... ಅಂವ ಬರ್ಲಿಲ್ಲ ಅಲ್ದಾ.”

ಮೀಟರ್ ಒಂದಿಷ್ಟು ಅಲುಗಿ ಮಲಗಿತು. ಪ್ರತಿಯೊಂದು ಅಕ್ಷರವೂ ಟ್ರ್ಯಾಕಿನಲ್ಲಿ ಬಂದಿತ್ತು. ನಿರ್ದೇಶಕರು ‘ಕಟ್’ ಅನ್ನಲು ಬಹಳ ಹೊತ್ತು ಹಿಡಿಯಿತು. ಚಿತ್ರದಲ್ಲಿ ಉಳಿದದ್ದು ಅದೇ ಮಾತು.

ಅಜ್ಜಿಯ ಸ್ವಂತ ಮನೆಯ ಕಥೆ ಏನೆಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮೊದಲಿನ ಆ ಕೂಗು ಮಾತ್ರ ಎಲ್ಲೂ ಇಲ್ಲ. ಮೈಕ್ ಸೆಟ್ಟಿನ ಹುಡುಗ ದುಡ್ಡು ಬೇಡವೆಂದ. ಬುಟ್ಟಿಯಿಂದ ತನ್ನ ಮೈಕು ತೆಗೆದು ಮೂಸಿ, “ನಾಳೆ ಭಾಗವತ್ರ್ ಎಂತ ಹೇಳ್ತ್ರೋ ಏನೋ” ಅಂದು ಸ್ಕೂಟರ್ ಏರಿದ. ಬಾಡಿಗೆ ಪೆಟ್ಟಿಗೆಯ ಮುಚ್ಚಳದ ಮೇಲೆ ನಾನು ಬಿಳಿ ಟೇಪು ಅಂಟಿಸಿ, ದಪ್ಪ ಪೆನ್ನಿನಲ್ಲಿ ‘ಟಿ’ ಅಂತ ಬರೆದೆ.