ಏಳು ಸಮುರಾಯ್‌ಗಳು ಕುಬಟೂರಿಗೆ ಬರಲ್ಲ

ಶನಿವಾರ ರಾತ್ರಿ ಹಾಸ್ಟೆಲ್‌ನಲ್ಲಿ ಯಾವ ಸಿನಿಮಾ ನೋಡಬೇಕು ಅನ್ನೋ ಜಗಳ ಮುಗಿಯೋ ಹೊತ್ತಿಗೆ ಹನ್ನೊಂದಾಗಿರುತ್ತೆ. ಹೋದ ಸೆಮಿಸ್ಟರ್‌ನಲ್ಲಿ ಒಂದು ಸಲ ಆ ಜಗಳ ಗೆದ್ದಿದ್ದು 2023ರ 'ರೆಬೆಲ್ ಮೂನ್'. ಎಲ್ಲೋ ದೂರದ ಒಂದು ಉಪಗ್ರಹ. ಅಲ್ಲಿ ಉತ್ತು ಬಿತ್ತು ಬದುಕುವ ಒಂದು ಹಳ್ಳಿ. ಆಕಾಶದಿಂದ ದೊಡ್ಡ ಹಡಗು ಇಳಿಯುತ್ತೆ, ಬೆಳೆದ ಧಾನ್ಯ ಕೊಡಿ ಅನ್ನುತ್ತೆ. ಹಳ್ಳಿಯವರ ಪರವಾಗಿ ಒಬ್ಬಳು ಲೋಕ ಲೋಕ ಅಲೆದು ಹೋರಾಡುವವರನ್ನು ಸೇರಿಸಿಕೊಂಡು ಬರುತ್ತಾಳೆ. ಸಿನಿಮಾ ಅರ್ಧಕ್ಕೆ ಬರೋಷ್ಟರಲ್ಲಿ ಹಿಂದಿನ ಮಂಚದಿಂದ ಒಂದು ದನಿ ಬಂತು: "ಲೋ, ಇದು ಶೋಲೆ ಅಲ್ವೇನೋ?"

ಹೌದು, ಶೋಲೆನೇ. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ, 1975ರಲ್ಲಿ ತೆರೆಗೆ ಬಂದ ಶೋಲೆಗೂ, 1960ರ 'ದಿ ಮ್ಯಾಗ್ನಿಫಿಸೆಂಟ್ ಸೆವೆನ್'ಗೂ ಮೂಲ ಒಂದೇ. 1954ರಲ್ಲಿ ಜಪಾನಿನ ಅಕಿರಾ ಕುರೊಸಾವಾ ಮಾಡಿದ 'ಸೆವೆನ್ ಸಮುರಾಯ್'. ಸುಗ್ಗಿ ಆದ ಮೇಲೆ ದೋಚೋಕೆ ಬರುವ ದರೋಡೆಕೋರರು, ಅವರನ್ನು ಎದುರಿಸೋಕೆ ರೈತರು ಊಟ ಕೊಟ್ಟು ಕರೆತರುವ ಏಳು ಯೋಧರು. 1980ರಲ್ಲಿ 'ಬ್ಯಾಟಲ್ ಬಿಯಾಂಡ್ ದಿ ಸ್ಟಾರ್ಸ್' ಈ ಕಥೆಯನ್ನು ಬಾಹ್ಯಾಕಾಶಕ್ಕೆ ಒಯ್ದಿತು. 2010ರಲ್ಲಿ 'ಸ್ಟಾರ್ ವಾರ್ಸ್: ದಿ ಕ್ಲೋನ್ ವಾರ್ಸ್' ಸರಣಿಯ ಒಂದು ಕಂತು ಇದನ್ನೇ ಮಾಡಿತು: ರೈತರು, ಬೆಳೆ ದೋಚೋ ಸ್ಪೇಸ್ ಪೈರೇಟ್‌ಗಳು, ರೈತರ ಜೊತೆ ನಿಲ್ಲುವ ಜೆಡೈಗಳು. ಆ ಕಂತನ್ನು ಕುರೊಸಾವಾ ನೆನಪಿಗೇ ಅರ್ಪಿಸಿದ್ದಾರೆ. (ಸ್ಪೇಸ್ ಪೈರೇಟ್‌ಗೆ ಕನ್ನಡದಲ್ಲಿ ಏನನ್ನಬೇಕು ಅಂತ ನಮ್ಮ ಸಂಘದಲ್ಲಿ ಅರ್ಧ ಗಂಟೆ ಚರ್ಚೆ ಆಯ್ತು. ಆಕಾಶದಲ್ಲಿ ಕಡಲಿಲ್ಲ, ಹಾಗಾಗಿ ಕಡಲ್ಗಳ್ಳ ಅನ್ನೋ ಹಾಗಿಲ್ಲ. ಸದ್ಯಕ್ಕೆ 'ಬಾನ್ಗಳ್ಳರು' ಅಂತ ಇಟ್ಟುಕೊಂಡಿದ್ದೀವಿ.)

ಇಷ್ಟೆಲ್ಲಾ ಗೊತ್ತಿದ್ದ ನಾವು, ಇದೇ ಕಥೆ ನಮ್ಮದೇ ಲಿಪಿಯಲ್ಲಿ ಕಣ್ಣೆದುರಿಗೆ ನಿಂತಾಗ ಏನು ಮಾಡಿದ್ವಿ ಅನ್ನೋದೇ ಈ ಬರಹದ ವಿಷಯ.

ಕನ್ನಡ ಸಂಘದ ಒಂದು ದಿನದ ಪ್ರವಾಸಕ್ಕೆ ಕುಬಟೂರಿಗೆ ಹೋಗಿದ್ವಿ. ಸೊರಬ ತಾಲ್ಲೂಕಿನ ಆನವಟ್ಟಿ ಹತ್ತಿರದ ಊರು. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗೋ ಜಾಗ. ಚಂದ್ರಹಾಸನ ಕಥೆಯ ಕುಂತಳನಗರ ಇದೇ ಅಂತ ಊರಿನ ನಂಬಿಕೆ. 1100ರ ಆಸುಪಾಸಿನ, ಚಾಲುಕ್ಯರ ಕಾಲದ ಕೈಟಭೇಶ್ವರ ದೇವಸ್ಥಾನ ಅಲ್ಲಿದೆ. ಅದರ ಕಂಬಗಳು ಲೇತ್‌ನಲ್ಲಿ ಕಡೆದ ಹಾಗಿವೆ. ಮೆಕ್ಯಾನಿಕಲ್‌ನವರು ಅರ್ಧ ಗಂಟೆ ಕಂಬ ಬಿಟ್ಟು ಕದಲಲಿಲ್ಲ. ಅಲ್ಲಿಯವರೆಗೂ ಎಲ್ಲಾ ಚೆನ್ನಾಗಿತ್ತು.

ವಾಪಸ್ ಬರುವಾಗ ಒಂದು ಕೆರೆ ಏರಿಯ ಪಕ್ಕ ಮೂರ್ನಾಲ್ಕು ಕಲ್ಲು ಕಂಡು ಬಸ್ ನಿಲ್ಲಿಸಿದ್ವಿ. ಒಂದು ನೆಟ್ಟಗಿತ್ತು, ಒಂದು ವಾಲಿತ್ತು, ಒಂದು ಅರ್ಧ ಹೂತಿತ್ತು. ಗದ್ದೆ ಕಡೆಯಿಂದ ಒಬ್ಬ ಅಜ್ಜ ಬಂದರು. ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಏನ್ರಪ್ಪಾ, ನಿಧಿ ಹುಡುಕಾಕ್ ಬಂದೀರಾ?" ಅಂದರು.

"ಇಲ್ಲ ಅಜ್ಜಾ, ಕಲ್ಲು ನೋಡೋಕೆ ಬಂದ್ವಿ. ನಾವು ಕನ್ನಡ ಸಂಘದವರು."

"ಹೌದಾ? ಹಂಗಾದ್ರೆ ಓದ್ರಿ ನೋಡಣ, ಏನ್ ಬರ್ದೈತಿ."

ಒಂದು ಸಾಲು ಬರಲಿಲ್ಲ. ಬಸ್ಸಿನ ತುಂಬ ಕನ್ನಡ ಸಂಘದ ಟೀ ಶರ್ಟ್. ಒಬ್ಬರಿಗೂ ಒಂದು ಹೆಸರನ್ನೂ ಕೂಡಿಸಿ ಓದೋಕೆ ಆಗಲಿಲ್ಲ. ನಮ್ಮಲ್ಲಿ ಮುಕ್ಕಾಲು ಜನ ಇಂಗ್ಲಿಷ್ ಮೀಡಿಯಂ ಅನ್ನೋದು ಕಾರಣ ಇರಬಹುದು, ಆದರೆ ಕನ್ನಡ ಮೀಡಿಯಂನವರಿಗೂ ಬರಲಿಲ್ಲ. ಅಜ್ಜ ನಗಲಿಲ್ಲ. ಅದೇ ಜಾಸ್ತಿ ನಾಟಿತು.

ಹಾಸ್ಟೆಲ್‌ಗೆ ಬಂದ ಮೇಲೆ ಲೈಬ್ರರಿ ಹುಡುಕಿ, ಗೊತ್ತಿರುವವರನ್ನು ಕೇಳಿ ಕಲಿತದ್ದು ಇಷ್ಟು. ವೀರಗಲ್ಲನ್ನು ಕೆಳಗಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ, ಅಲ್ಲಿ ದನಗಳ ಸಾಲು ಇದ್ದರೆ ಅದು ತುರುಗೋಳ್, ಅಂದರೆ ದನ ಹೊಡೆದುಕೊಂಡು ಹೋಗುವವರ ಜೊತೆ ನಡೆದ ಹೋರಾಟ. ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕೂತಿರುತ್ತಾನೆ, ಜೈನನಾದರೆ ಜಿನನ ಮುಂದೆ. ಪಕ್ಕದಲ್ಲಿ ಸೂರ್ಯ ಚಂದ್ರ, ಅವರಿರುವ ತನಕ ಇವನ ಹೆಸರಿರಲಿ ಅಂತ. ನಡುವಿನ ಪಟ್ಟಿಗಳಲ್ಲಿ ಅಕ್ಷರ.

ದನ ಯಾಕೆ? ಲೆಕ್ಕ ಸುಲಭ. ಭತ್ತದ ಮೂಟೆ ಹೊತ್ತುಕೊಂಡು ರಾತ್ರೋರಾತ್ರಿ ಓಡೋಕೆ ಆಗಲ್ಲ, ದನ ತಾನೇ ನಡೆಯುತ್ತೆ. ಆ ಕಾಲದ ರೈತನಿಗೆ ಟ್ರ್ಯಾಕ್ಟರ್, ಗೊಬ್ಬರ, ಹಾಲು, ಉಳಿತಾಯ ಖಾತೆ ಎಲ್ಲಾ ಕೊಟ್ಟಿಗೆಯಲ್ಲೇ ಇತ್ತು. ದನ ಹೋದರೆ ಮುಂದಿನ ವರ್ಷದ ಉಳುಮೆನೇ ಹೋಯ್ತು. ಶಾಸನಗಳಲ್ಲಿ 'ಊರಳಿವು' ಅನ್ನೋ ಮಾತೂ ಬರುತ್ತೆ, ಊರೇ ಹಾಳಾಗುವ ದಾಳಿ. 'ಪೆಣ್ಬುಯ್ಯಲ್' ಅಂತಲೂ ಬರುತ್ತೆ, ಹೆಂಗಸರ ಮೊರೆ. ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳಲ್ಲಿ ಇಂಥ ಕಲ್ಲುಗಳು ಊರೂರಿಗೂ ಇವೆ.

ಈಗ ನಮ್ಮ ಮುಖ್ಯ ಮಾತು. ಸಿನಿಮಾದಲ್ಲಿ ವೀರ ಹೊರಗಿನಿಂದ ಬರುತ್ತಾನೆ. ಹಳ್ಳಿಯವರು ಹೆದರಿಕೊಂಡಿರುತ್ತಾರೆ, ಬಂದವನು ಅವರಿಗೆ ಈಟಿ ಹಿಡಿಯೋದು ಕಲಿಸುತ್ತಾನೆ. 'ಸೆವೆನ್ ಸಮುರಾಯ್' ಕೊನೆಯಲ್ಲಿ ನಾಲ್ಕು ಸಮುರಾಯ್‌ಗಳು ಸತ್ತಿರುತ್ತಾರೆ. ಉಳಿದ ಮೂವರು ದಿಬ್ಬದ ಮೇಲಿನ ಸಮಾಧಿಗಳನ್ನು ನೋಡುತ್ತಾ ನಿಂತಿರುತ್ತಾರೆ. ರೈತರು ಹಾಡಿಕೊಂಡು ಭತ್ತದ ನಾಟಿ ಮಾಡುತ್ತಿರುತ್ತಾರೆ. ಅವರ ನಡುವೆ ಇನ್ನು ಸಂಬಂಧ ಇಲ್ಲ.

ವೀರಗಲ್ಲಿನ ಕಥೆ ಬೇರೆ. ರಾಜರ ಯುದ್ಧದಲ್ಲಿ ಸತ್ತ ಸೈನಿಕರ ಕಲ್ಲುಗಳೂ ಇವೆ, ನಿಜ. ಆದರೆ ತುರುಗೋಳಿನಲ್ಲಿ ಸತ್ತವನು ಬಹಳ ಸಲ ಅದೇ ಊರಿನವನು: ಊರ ಗಾವುಂಡ, ಅವನ ಮಗ, ಆಳು, ದನ ಕಾಯುವವನು. ಅವನು ಸತ್ತ ಮೇಲೆ ಊರಿನ ಕೆಲಸ ಶುರುವಾಗುತ್ತಿತ್ತು. ಕಲ್ಲು ಕೆತ್ತಿಸಿ, ಹೆಸರು ಬರೆಸಿ, ಓಡಾಡುವ ಜಾಗದಲ್ಲೇ ನಿಲ್ಲಿಸುತ್ತಿದ್ದರು. ಮನೆಯವರಿಗೆ ಭೂಮಿ ಬಿಟ್ಟ ಉದಾಹರಣೆಗಳಿವೆ. ಅದಕ್ಕೆ ನೆತ್ತರುಗೊಡಗೆ ಅನ್ನೋ ಹೆಸರೇ ಇದೆ. ಅಂದರೆ ಒಪ್ಪಂದಕ್ಕೆ ಎರಡು ಕಡೆ ಇತ್ತು. ಅವನು ಊರು ಉಳಿಸಬೇಕು, ಊರು ಅವನ ಹೆಸರು ಉಳಿಸಬೇಕು. ಅವನು ತನ್ನ ಪಾಲು ಮುಗಿಸಿದ್ದಾನೆ. ನಮ್ಮ ಪಾಲು ಬಾಕಿ ಇದೆ.

ಇದನ್ನೆಲ್ಲಾ ಹೆಮ್ಮೆಯ ರೀಲ್ಸ್ ಮಾಡೋಕೆ ಹೇಳುತ್ತಿಲ್ಲ. ದನ ಹೊಡೆದವರು ಬೇರೆ ಗ್ರಹದ ಬಾನ್ಗಳ್ಳರಲ್ಲ, ಬಹುಶಃ ಪಕ್ಕದ ನಾಡಿನವರೇ, ಅವರ ಮನೆಯಲ್ಲೂ ಹಸಿವಿತ್ತು. ಇನ್ನೊಂದು ವಿಷಯ: ವೀರಗಲ್ಲಿನ ಜೊತೆಯಲ್ಲೇ ಎಷ್ಟೋ ಕಡೆ ಮಾಸ್ತಿಕಲ್ಲೂ ಇರುತ್ತೆ, ಮೇಲೆತ್ತಿದ ಕೈ, ಕೈತುಂಬ ಬಳೆ. ಗಂಡನ ಜೊತೆ ಸುಟ್ಟುಹೋದ ಹೆಣ್ಣಿನ ಗುರುತು. ಅವಳನ್ನು ಯಾರು ಕೇಳಿದ್ದರು? ಕಲ್ಲು ಹೇಳಲ್ಲ. ಅದೇ ಸೀಮೆಯ ಬಂದಳಿಕೆಯ ಶಾಸನದಲ್ಲಿ ಜಕ್ಕಿಯಬ್ಬೆ ಸಿಗುತ್ತಾಳೆ. ಹತ್ತನೇ ಶತಮಾನದ ಶುರುವಿನಲ್ಲಿ ಗಂಡ ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತರ ಆಡಳಿತವನ್ನು ಅವಳೇ ನಡೆಸಿದಳು. ಕಲ್ಲುಗಳನ್ನು ಓದಿದರೆ ಮಾತ್ರ ಎರಡೂ ಗೊತ್ತಾಗುತ್ತೆ. ಓದದೇ ಮಾಡುವ ಹೆಮ್ಮೆಗೂ ಓದದೇ ಮಾಡುವ ತಿರಸ್ಕಾರಕ್ಕೂ ಅಂಥ ವ್ಯತ್ಯಾಸ ಇಲ್ಲ.

"ಇದಕ್ಕೆಲ್ಲಾ ಪುರಾತತ್ವ ಇಲಾಖೆ ಇದೆಯಲ್ಲ" ಅಂತ ನಮ್ಮಲ್ಲೇ ಒಬ್ಬರು ಅಂದರು. ಇದೆ. ಆದರೆ ದೇವಸ್ಥಾನಕ್ಕೆ ಬೇಲಿ, ಬೋರ್ಡು ಹಾಕಬಹುದು. ಪ್ರತಿ ಕೆರೆ ಏರಿಗೆ, ಪ್ರತಿ ಗದ್ದೆ ಬದುವಿಗೆ ಯಾರು ಕಾವಲು ನಿಲ್ಲುತ್ತಾರೆ? ಕಲ್ಲು ಬಟ್ಟೆ ಒಗೆಯೋಕೆ ಹೋಗುತ್ತೆ, ಮೋರಿ ಮೇಲಿನ ಚಪ್ಪಡಿ ಆಗುತ್ತೆ, ನಿಧಿಗಳ್ಳರ ಗುದ್ದಲಿಗೆ ಸಿಕ್ಕಿ ಒಡೆಯುತ್ತೆ. ಅಜ್ಜ ನಮ್ಮನ್ನು ಅನುಮಾನದಿಂದ ನೋಡಿದ್ದು ಸುಮ್ಮನೆ ಅಲ್ಲ. ಯಾರೋ ಬಂದು ನೋಡಿಕೊಳ್ಳುತ್ತಾರೆ ಅಂತ ಕೂರೋದು, ಏಳು ಸಮುರಾಯ್‌ಗಳಿಗೆ ಕಾದ ಹಾಗೆ.

ಹೊರಗಿನವರ ಸಹಾಯ ಬೇಡ ಅಂತಲ್ಲ. ಸೊರಬದ ಶಾಸನಗಳನ್ನು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಎಂಟನೇ ಸಂಪುಟದಲ್ಲಿ ಅಚ್ಚು ಹಾಕಿಸಿದವರು ಬಿ.ಎಲ್. ರೈಸ್. ಸಾಹೇಬರೇ ಆದರೂ ಹುಟ್ಟಿದ್ದು ಬೆಂಗಳೂರಲ್ಲೇ! ಆದರೆ ಪುಸ್ತಕದಲ್ಲಿ ಉಳಿದ ಕಲ್ಲು ಹೊಲದಲ್ಲೂ ಉಳಿಯಬೇಕಾದರೆ ಊರಿನವರೇ ಬೇಕು. ಮತ್ತೆ, ನಮ್ಮಲ್ಲಿ ಅರ್ಧ ಜನ ಯಾವುದೋ ಒಂದು ಹಳ್ಳಿಯವರೇ ತಾನೇ?

ಹಾನಗಲ್ಲು ಕುಬಟೂರಿಗೆ ಹತ್ತಿರ. ಅದೇ ವಿರಾಟನಗರ ಅಂತ ಆ ಕಡೆಯವರು ಹೇಳುತ್ತಾರೆ. ಕೌರವರು ವಿರಾಟನ ದನ ಹೊಡೆದಾಗ ಅಂತಃಪುರದಲ್ಲಿ ಕೂತು ಕೊಚ್ಚಿಕೊಂಡವನು ಉತ್ತರಕುಮಾರ. 'ಉತ್ತರನ ಪೌರುಷ ಒಲೆ ಮುಂದೆ' ಅಂತ ಗಾದೆನೇ ಆಯ್ತು. ನವೆಂಬರ್ ಒಂದಕ್ಕೆ ಬಾವುಟದ ಸ್ಟೇಟಸ್ ಹಾಕಿ, ಒಂದು ಕಲ್ಲಿನ ಹೆಸರು ಓದೋಕೆ ಬಾರದ ನಮ್ಮ ಪೌರುಷ ಇನ್ನೆಲ್ಲಿಯದು?

ಹಾಗಾಗಿ ಒಂದು ಪ್ರಸ್ತಾಪ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ನಗರದ ಸುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ಅಷ್ಟು ದೊಡ್ಡ ಯಂತ್ರ ನಮ್ಮ ಹತ್ತಿರ ಇಲ್ಲ, ಮೊಬೈಲ್ ಇದೆ. ಒಂದು ಕಲ್ಲಿನ ಸುತ್ತ ಒಂದರ ಮೇಲೊಂದು ಸ್ವಲ್ಪ ಬರೋ ಹಾಗೆ ಐವತ್ತು ಅರವತ್ತು ಫೋಟೋ ತೆಗೆದರೆ ಫೋಟೋಗ್ರಾಮೆಟ್ರಿಯಲ್ಲಿ ಮಾದರಿ ಕಟ್ಟಬಹುದು. ಸಂಜೆಯ ಓರೆ ಬಿಸಿಲಲ್ಲಿ ತೆಗೆದರೆ ಸವೆದ ಅಕ್ಷರದ ನೆರಳೂ ಬೀಳುತ್ತೆ. ಕಲ್ಲಿಗೆ ಎಣ್ಣೆ, ಸೀಮೆಸುಣ್ಣ, ಆಸಿಡ್ ಏನೂ ಹಚ್ಚಬಾರದು. ಎತ್ತಬಾರದು, ಅಗೆಯಬಾರದು. ಊರಿನವರನ್ನು ಕೇಳಿಯೇ ಶುರು ಮಾಡಬೇಕು, ಮುಗಿದ ಮೇಲೆ ಪಂಚಾಯ್ತಿಗೆ ತಿಳಿಸಬೇಕು. ನಿಧಿಗಳ್ಳರಿಗೆ ದಾರಿ ತೋರಿಸಿದ ಹಾಗೆ ಆಗಬಾರದು; ಅದಕ್ಕೇ ಜಾಗದ ನಕ್ಷೆಯನ್ನು ಎಲ್ಲರಿಗೂ ಕಾಣೋ ಹಾಗೆ ಹಾಕಬಾರದು.

ಮುಂದಿನ ರಜೆಯಲ್ಲಿ ಒಬ್ಬೊಬ್ಬರು ಒಂದೊಂದು ಕಲ್ಲು. ಅದಕ್ಕೂ ಮೊದಲು ವಾರಕ್ಕೆ ಒಂದು ಸಂಜೆ ಹಳಗನ್ನಡ ಅಕ್ಷರ ಕಲಿಯೋಣ. ಕಲಿಸೋಕೆ ಬಲ್ಲವರನ್ನು ಕರೆಯೋಣ, ಕ್ಲಾಸ್ ರೂಮ್ ನಾವು ಕೇಳುತ್ತೀವಿ. ಬ್ಯಾಕ್‌ಲಾಗ್ ಇರೋರೂ ಬನ್ನಿ, ಇಲ್ಲಿ ಇಂಟರ್ನಲ್ಸ್ ಇಲ್ಲ.

ಆಮೇಲೆ ಮತ್ತೆ ಆ ಕೆರೆ ಏರಿಗೆ ಹೋಗಬೇಕು ಅಂತಿದ್ದೀವಿ. ಅಜ್ಜ ಸಿಕ್ಕರೆ, ಇಡೀ ಕಲ್ಲು ಅಲ್ಲದಿದ್ದರೂ ಸತ್ತವನ ಹೆಸರನ್ನಾದರೂ ಓದಿ ಹೇಳಬೇಕು.